‘ತಿಂಬುದು’ ತಪ್ಪಲ್ಲ: ವೀಡಿಯೊ ಕರೆಯಲ್ಲಿ ನಡೆದ ಒಂದು ಮಾತಿನ ಚಿಕಿತ್ಸೆ

ಸ್ಟ್ರೋಕ್, ಅಂದರೆ ಲಕ್ವ ಹೊಡೆದು ಮಾತು ಕಳೆದುಕೊಂಡ ಒಬ್ಬರ ಡಿಸ್ಚಾರ್ಜ್ ಕಾರ್ಡಿನಲ್ಲಿ ಮಾತಿನ ಬಗ್ಗೆ ಇದ್ದದ್ದು ಒಂದೇ ಸಾಲು. ಸ್ಪೀಚ್ ಥೆರಪಿ ಮಾಡಿಸಿ, ಅಷ್ಟೇ. ಎಲ್ಲಿ ಮಾಡಿಸಬೇಕು, ವಾರಕ್ಕೆ ಎಷ್ಟು ಸಲ, ಯಾವ ಭಾಷೆಯಲ್ಲಿ, ಯಾವುದೂ ಇರಲಿಲ್ಲ. ಕೈಕಾಲಿನ ವ್ಯಾಯಾಮಕ್ಕೆ ಮಾತ್ರ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಒಂದು ಹಾಳೆ ಕೊಟ್ಟಿದ್ದರು. ಮನೆಯಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವಳು ಮಗಳೊಬ್ಬಳೇ. ಆಕೆ ಬೆಳಗ್ಗೆ ಏಳೂವರೆಗೆ ಲೋಕಲ್ ರೈಲು ಹಿಡಿದರೆ ರಾತ್ರಿ ಎಂಟಕ್ಕೆ ಮನೆ ಸೇರುವವಳು.

ನಾನು ಮಾತಿನ ಥೆರಪಿಸ್ಟ್. ಓದಿದ್ದು ಮೈಸೂರಿನಲ್ಲಿ, ಈಗ ಇರುವುದು ಮುಂಬೈಯ ಅಂಧೇರಿಯಲ್ಲಿ. ಈ ಮನೆಯವರು ಇರುವುದು ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ. ಹದಿನಾಲ್ಕು ವಾರ ನಾವು ಹೆಚ್ಚಾಗಿ ಫೋನಿನ ಪರದೆಯಲ್ಲೇ ಭೇಟಿಯಾದೆವು. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಿಲ್ಲ. ಮಾತು ಕಳೆದುಕೊಂಡವರನ್ನು ನಾನು ಅಣ್ಣ ಅಂತಲೂ ಅವರ ಹೆಂಡತಿಯನ್ನು ಅಕ್ಕ ಅಂತಲೂ ಕರೆಯುತ್ತಿದ್ದೆ. ಇಲ್ಲಿಯೂ ಹಾಗೇ ಕರೆಯುತ್ತೇನೆ.

ಯಾರು, ಏನಾಗಿತ್ತು

ಅಣ್ಣನಿಗೆ 57 ವರ್ಷ. ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು. ಹಗಲಿಡೀ ಹೋಟೆಲಿನಲ್ಲಿ ಮಾಣಿ, ರಾತ್ರಿ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆ. ಟೇಬಲ್ ಒರೆಸುವುದರಿಂದ ಶುರು ಮಾಡಿ, ಸಪ್ಲೈ ಮಾಡಿ, ಕೊನೆಗೆ ಗಲ್ಲಾಕ್ಕೆ ಬಂದರು. ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಪಾಲುದಾರರಾಗಿ ಇಪ್ಪತ್ತು ವರ್ಷ ಅಲ್ಲೇ ಕೂತಿದ್ದಾರೆ. ಮನೆಯಲ್ಲಿ ಕುಂದಾಪ್ರ ಕನ್ನಡ, ಪಾಲುದಾರರ ಜತೆ ತುಳು, ಗಿರಾಕಿಗಳ ಜತೆ ಹಿಂದಿ, ತರಕಾರಿಯವರ ಜತೆ ಮರಾಠಿ. ನಾಲ್ಕು ಭಾಷೆ ದಿನವೂ ನಾಲಿಗೆಯ ಮೇಲೆ ಇದ್ದ ಮನುಷ್ಯ.

ಫೆಬ್ರವರಿಯ ಒಂದು ಬೆಳಗ್ಗೆ ಏಳುವಾಗಲೇ ಬಲಗೈ ಎತ್ತಲಾಗಲಿಲ್ಲ. ಬಾಯಿ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ. ಮೆದುಳಿನ ಎಡಭಾಗಕ್ಕೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಸ್ಟ್ರೋಕ್ ಆದದ್ದು ನಿದ್ದೆಯಲ್ಲಿ. ಎಷ್ಟು ಹೊತ್ತಿಗೆ ಅಂತ ಹೇಳುವವರು ಯಾರೂ ಇಲ್ಲ. ಹಾಗಾಗಿ ಆ ದಾರಿ ಮುಚ್ಚಿಹೋಗಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು.

ಹೀಗೆ ಮಾತು ಕಳೆದುಹೋಗುವುದಕ್ಕೆ ಅಫೇಸಿಯಾ ಎನ್ನುತ್ತಾರೆ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಇಂಥ ಒಬ್ಬ ರೋಗಿಯ ಬಗ್ಗೆ ವರದಿ ಮಾಡಿದ. ಆ ಮನುಷ್ಯ ಏನು ಕೇಳಿದರೂ ‘ಟಾನ್’ ಎಂದಷ್ಟೇ ಹೇಳುತ್ತಿದ್ದ. ಸತ್ತ ಮೇಲೆ ನೋಡಿದಾಗ ಮೆದುಳಿನ ಎಡ ಮುಂಭಾಗದಲ್ಲಿ ಗಾಯವಿತ್ತು. ನಮ್ಮ ಅಣ್ಣನ ‘ಟಾನ್’ ಯಾವುದೆಂದರೆ ‘ಅಲ್ಲಲ್ಲ’. ನೀರು ಬೇಕೆಂದರೂ ಅಲ್ಲಲ್ಲ, ಬೇಡವೆಂದರೂ ಅಲ್ಲಲ್ಲ. ಹೇಳಿದ ಕೂಡಲೇ ಅದು ತಪ್ಪು ಎಂದು ಅವರಿಗೆ ಗೊತ್ತಾಗುತ್ತಿತ್ತು. ಎಡಗೈಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದರು.

ಇದನ್ನು ಒತ್ತಿ ಹೇಳಬೇಕು. ಅಫೇಸಿಯಾ ಆದವರ ಬುದ್ಧಿ ಹೋಗಿರುವುದಿಲ್ಲ. ಅಣ್ಣನಿಗೆ ಎದುರಿನವರ ಮಾತು ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಆದರೆ ನೋಡಲು ಬಂದ ಊರಿನವರು ಕಿವುಡರ ಹತ್ತಿರ ಮಾತಾಡಿದ ಹಾಗೆ ಕೂಗುತ್ತಿದ್ದರು. ಒಬ್ಬರಂತೂ ಅವರ ಎದುರಿಗೇ ಅಕ್ಕನ ಹತ್ತಿರ, ತಲೆ ಸರಿ ಉಂಟಾ ಎಂದು ಕೇಳಿದರಂತೆ. ಆ ದಿನ ಅಣ್ಣ ಊಟ ಮಾಡಲಿಲ್ಲ.

ಯಾಕೆ ವೀಡಿಯೊ

ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಲಗಾಲು ಇನ್ನೂ ಎಳೆಯುತ್ತಿತ್ತು. ಮೆಟ್ಟಿಲು ಇಳಿಸಿ ಹತ್ತಿಸಲು ಇಬ್ಬರು ಗಂಡಸರು ಬೇಕು. ಫಿಸಿಯೋಥೆರಪಿಸ್ಟ್ ಒಬ್ಬರು ಹತ್ತಿರದಿಂದಲೇ ವಾರಕ್ಕೆ ಮೂರು ದಿನ ಮನೆಗೆ ಬರುತ್ತಿದ್ದರು. ಆದರೆ ಆ ಸುತ್ತಮುತ್ತ ಅವರಿಗೆ ಸಿಕ್ಕ ಮಾತಿನ ಥೆರಪಿಸ್ಟ್‌ಗಳು ಹಿಂದಿ, ಮರಾಠಿಯಲ್ಲಿ ಕೆಲಸ ಮಾಡುವವರು. ನಾನು ಅಂಧೇರಿಯಿಂದ ಮೆಟ್ರೋ ಹಿಡಿದು, ಘಾಟ್ಕೋಪರಿನಲ್ಲಿ ಲೋಕಲ್‌ಗೆ ಬದಲಾಯಿಸಿ, ಅಲ್ಲಿಂದ ರಿಕ್ಷಾದಲ್ಲಿ ಹೋಗಿ ಬರುವುದೆಂದರೆ ಅರ್ಧ ದಿನ. ಅಷ್ಟರ ಫೀಸು ಕೊಡಲು ಅವರಿಗೂ ಕಷ್ಟ. ಅವರ ಇನ್ಶೂರೆನ್ಸ್ ಆಸ್ಪತ್ರೆಯ ಬಿಲ್ಲು ಕಟ್ಟಿತ್ತು. ಮನೆಗೆ ಬಂದ ಮೇಲಿನ ಥೆರಪಿ ಅದರಲ್ಲಿ ಸೇರಿರಲಿಲ್ಲ.

ಕೊನೆಗೆ ಹೀಗೆ ಮಾತಾಯಿತು. ಮೊದಲ ಸಲ ನಾನೇ ಮನೆಗೆ ಹೋಗಿ ಪರೀಕ್ಷೆ ಮಾಡುವುದು, ನಡುವೆ ಇನ್ನೊಮ್ಮೆ ಹೋಗುವುದು. ಉಳಿದದ್ದೆಲ್ಲ ವೀಡಿಯೊ ಕರೆಯಲ್ಲಿ, ವಾರಕ್ಕೆ ನಾಲ್ಕು ದಿನ.

ಒಂದು ಸಣ್ಣ ಮಾತು. ವೈದ್ಯರು ದೂರದಿಂದ ಚಿಕಿತ್ಸೆ ಕೊಡುವುದಕ್ಕೆ ನಮ್ಮ ದೇಶದಲ್ಲಿ 2020ರ ಮಾರ್ಚ್ 25ರಂದು ಮಾರ್ಗಸೂಚಿ ಬಂತು. ನಮ್ಮಂಥ ಮಾತಿನ ಥೆರಪಿಸ್ಟ್‌ಗಳು ನೋಂದಣಿ ಮಾಡಿಸುವುದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ. ಪರದೆಯ ಮೇಲೆ ಯಾರೇ ಸಿಗಲಿ, ಆ ನೋಂದಣಿ ಸಂಖ್ಯೆಯನ್ನು ಧೈರ್ಯವಾಗಿ ಕೇಳಿ. ಕೇಳಿದರೆ ನಮಗೆ ಬೇಸರವಿಲ್ಲ.

ನಾನು ತಪ್ಪು ಗುರುತು ಹಾಕಿದ ಮೂರು ವಾರ

ಮಗಳು ಮನೆಯಲ್ಲಿರುವ ಹೊತ್ತಿಗೆ ಅಂತ ರಾತ್ರಿ ಎಂಟೂವರೆಗೆ ಸಮಯ ಇಟ್ಟೆವು. ಫೋನ್ ಹಿಡಿಯಲು, ನೆಟ್‌ವರ್ಕ್ ಸರಿ ಮಾಡಲು ಅವಳೇ ಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಇದು ಮೊದಲ ತಪ್ಪು. ಅಫೇಸಿಯಾ ಇರುವವರ ಮಾತು ದಣಿವಾದಷ್ಟೂ ಕೆಡುತ್ತದೆ. ರಾತ್ರಿಯ ಹೊತ್ತಿಗೆ ಅಣ್ಣ ಪೂರ್ತಿ ಬಳಲಿರುತ್ತಿದ್ದರು. ನಲವತ್ತೈದು ನಿಮಿಷದಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಹತ್ತು ನಿಮಿಷ.

ಎರಡನೆಯ ತಪ್ಪು ಇನ್ನೂ ದೊಡ್ಡದು, ಪೂರ್ತಿ ನನ್ನದೇ. ಚಿತ್ರ ತೋರಿಸಿ, ಇವರು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಿದ್ದೆ. ಊಟ ಮಾಡುತ್ತಿರುವ ಹುಡುಗನ ಚಿತ್ರಕ್ಕೆ ಅಣ್ಣ ಒದ್ದಾಡಿ ಒದ್ದಾಡಿ ಏನೋ ಹೇಳಿದರು. ನನಗೆ ‘ತಿಂಬು’ ಎಂಬಂತೆ ಕೇಳಿಸಿತು. ಅಕ್ಷರ ಅದಲುಬದಲಾಗುವುದು ಅಫೇಸಿಯಾದಲ್ಲಿ ಮಾಮೂಲು. ‘ತಿನ್ನು’ ಹೇಳಲು ಹೋಗಿ ಎಡವಿದ್ದಾರೆ ಎಂದು ತಪ್ಪು ಗುರುತು ಹಾಕಿದೆ. ನೋಡುವ ಚಿತ್ರಕ್ಕೆ ‘ಕಾಂಬು’ ಎಂದರು. ಅದಕ್ಕೂ ತಪ್ಪು. ಬರುವ ಚಿತ್ರಕ್ಕೆ ‘ಬಪ್ಪು’. ಮತ್ತೆ ತಪ್ಪು. ಮೂರು ವಾರ ಅವರನ್ನು ತಿದ್ದಿದೆ. ತಿನ್ನುವುದು, ಹೇಳಿ ಅಣ್ಣ, ತಿನ್ನುವುದು. ಅವರು ನನ್ನ ಮುಖ ನೋಡಿ, ಸೋತು, ಅಲ್ಲಲ್ಲ ಎನ್ನುತ್ತಿದ್ದರು.

ಒಂದು ದಿನ ಅಕ್ಕ ಅಡುಗೆಮನೆಯಿಂದ ಬಂದವರು ಹಿಂದೆ ನಿಂತು ಕೇಳಿಸಿಕೊಂಡರು. ಮೆಲ್ಲಗೆ, “ಮೇಡಂ, ಅವ್ರ್ ಸರಿಯೇ ಹೇಳ್ತಿದ್ರಲೆ. ನಮ್ಮಲ್ಲಿ ತಿಂಬುದು ಅಂತ್ಲೇ ಹೇಳುದು” ಎಂದರು.

ತಿಂಬುದು, ಕಾಂಬುದು, ಬಪ್ಪುದು, ಹೋಪುದು. ಕುಂದಾಪುರದ ಕಡೆ ಇವು ದಿನಬಳಕೆಯ ಮಾತು. ‘ಬಪ್ಪುದು’ ಹಳೆಯ ವಚನಗಳಲ್ಲೂ ಸಿಗುತ್ತದೆ. ನಾನು ಮೈಸೂರು ಕಡೆಯವಳು. ಅವರ ನಾಲಿಗೆಗೆ ಮರಳುತ್ತಿದ್ದ ಮೊದಲ ಶಬ್ದಗಳನ್ನೇ ರೋಗದ ಲಕ್ಷಣ ಎಂದು ಎಣಿಸಿ, ಅಳಿಸಲು ನೋಡಿದ್ದೆ. ಎದುರಿಗೆ ಕೂತು ಕೇಳಿದ್ದರೆ ಇಡೀ ಶಬ್ದ ಕಿವಿಗೆ ಬೀಳುತ್ತಿತ್ತೋ ಏನೋ. ಫೋನಿನಲ್ಲಿ ಕೊನೆಯ ಅಕ್ಷರ ನುಂಗಿಹೋಗುತ್ತಿತ್ತು. ಆದರೆ ಅದು ನೆಪ. ಮೊದಲ ದಿನವೇ ಅಕ್ಕನನ್ನು ಕೂರಿಸಿಕೊಂಡು, ನಿಮ್ಮ ಮನೆಯಲ್ಲಿ ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿ ಪಟ್ಟಿ ಮಾಡಬೇಕಿತ್ತು. ನಾನು ಮಾಡಿರಲಿಲ್ಲ. ಅಣ್ಣನ ಹತ್ತಿರ ಕ್ಷಮೆ ಕೇಳಿದೆ. ಅವರು ಎಡಗೈ ಅಲ್ಲಾಡಿಸಿ ಇರಲಿ ಎಂಬಂತೆ ಸನ್ನೆ ಮಾಡಿದರು.

ಆ ರಾತ್ರಿ ಹಳೆಯ ಕಾರ್ಡುಗಳನ್ನೆಲ್ಲ ತೆಗೆದಿಟ್ಟೆ. ಅಕ್ಕ ಮತ್ತು ಮಗಳು ಮನೆಯ, ಹೋಟೆಲಿನ ನಲವತ್ತು ವಸ್ತುಗಳ ಫೋಟೋ ತೆಗೆದು ಕಳಿಸಿದರು. ಅವರದೇ ಚೊಂಬು, ಅವರದೇ ಕಾವಲಿ, ಗಲ್ಲಾದ ಮೇಲಿನ ಗಣಪತಿ. ಪ್ರತಿಯೊಂದಕ್ಕೂ ಮನೆಯಲ್ಲಿ ಹೇಳುವ ಹೆಸರೇ ಸರಿ ಉತ್ತರ. ಅದರಲ್ಲಿ ಮೊದಲ ಸಲ ಅಣ್ಣ ಯಾರ ಸಹಾಯವೂ ಇಲ್ಲದೆ ಹೇಳಿದ್ದು ಆರು.

ಅಕ್ಕನ ಹತ್ತು ಎಣಿಕೆ

ಸಮಯವನ್ನು ಬೆಳಗ್ಗೆ ಹನ್ನೊಂದಕ್ಕೆ ಬದಲಾಯಿಸಿದೆವು. ಆಗ ಮನೆಯಲ್ಲಿ ಇರುವುದು ಅಕ್ಕ ಮಾತ್ರ. ಅವರು ಅಲ್ಲಿಯವರೆಗೆ ತಾವಾಗಿ ವೀಡಿಯೊ ಕರೆ ಮಾಡಿದವರಲ್ಲ. ಮಗಳು ಒಂದು ಭಾನುವಾರ ಕೂತು ಕಲಿಸಿದಳು. ನನ್ನ ಫೋಟೋ ಒತ್ತಬೇಕು, ಕ್ಯಾಮರಾ ಗುರುತು ಒತ್ತಬೇಕು, ಫೋನನ್ನು ಅವಲಕ್ಕಿ ಡಬ್ಬಿಗೆ ಒರಗಿಸಿ ಇಡಬೇಕು. ಡಬ್ಬಿ ಇಡುವ ಜಾಗಕ್ಕೆ ಟೇಬಲಿನ ಮೇಲೆ ಒಂದು ಟೇಪು ಅಂಟಿಸಿದರು. ಅಲ್ಲಿ ಇಟ್ಟರೆ ಅಣ್ಣನ ಬಾಯಿ ಮತ್ತು ಎರಡೂ ಕೈ ನನಗೆ ಕಾಣುತ್ತಿತ್ತು. ಕಿಟಕಿ ಬೆನ್ನಿಗೆ ಬಿದ್ದರೆ ಮುಖ ಕಪ್ಪಾಗುತ್ತದೆ. ಹಾಗಾಗಿ ಕುರ್ಚಿಯನ್ನೂ ತಿರುಗಿಸಿದೆವು.

ಮಾತು ತಡೆದಾಗ ನಾವು ಸುಳಿವು ಕೊಡುತ್ತೇವೆ. ಮೊದಲು ಅರ್ಥದ ಸುಳಿವು: ನೀರು ತುಂಬಿಸುತ್ತೇವಲ್ಲ, ಅದು. ಆಗಲೂ ಬರದಿದ್ದರೆ ಮೊದಲ ಅಕ್ಷರ: ಚೊ... ಈ ಸುಳಿವು ಸರಿಯಾದ ಕ್ಷಣಕ್ಕೆ ಬೀಳಬೇಕು. ವೀಡಿಯೊ ಕರೆಯಲ್ಲಿ ದನಿ ಒಂದು ಗಳಿಗೆ ತಡವಾಗಿ ತಲಪುತ್ತದೆ. ನನ್ನ ‘ಚೊ’ ಅವರಿಗೆ ಕೇಳಿಸುವಾಗ ಅವರು ಇನ್ನೇನೋ ಹೇಳಲು ಬಾಯಿ ತೆರೆದಿರುತ್ತಿದ್ದರು. ಎರಡೂ ಡಿಕ್ಕಿ ಹೊಡೆದು, ಇದ್ದ ಶಬ್ದವೂ ಓಡಿಹೋಗುತ್ತಿತ್ತು.

ಸುಳಿವು ಕೊಡುವವರು ಆ ಕೋಣೆಯಲ್ಲೇ ಇರಬೇಕು. ಅಂದರೆ ಅಕ್ಕ. ಅಲ್ಲಿಂದ ಮುಂದೆ ನನ್ನ ಕೆಲಸ ಬದಲಾಯಿತು. ನಾನು ಅಣ್ಣನಿಗೆ ಕಲಿಸುವುದು ಕಡಿಮೆ ಮಾಡಿ, ಅಕ್ಕ ಕಲಿಸುವುದನ್ನು ನೋಡುತ್ತ ಕೂತೆ.

ಅಕ್ಕನಿಗೆ ಕಷ್ಟವಾದದ್ದು ಸುಮ್ಮನಿರುವುದು. ಮೂವತ್ತು ವರ್ಷ ಸಂಸಾರ ಮಾಡಿದವರು. ಗಂಡನ ಕಣ್ಣು ಕದಲುವಷ್ಟರಲ್ಲಿ ಏನು ಬೇಕೆಂದು ಗೊತ್ತು. ಅವರು ಬಾಯಿ ತೆರೆಯುವ ಮೊದಲೇ ಚೊಂಬು ಕೈಗೆ ಬಂದಿರುತ್ತಿತ್ತು. ಪ್ರೀತಿಯಿಂದಲೇ, ಆದರೆ ಮಾತಾಡುವ ಅಗತ್ಯವನ್ನೇ ತೆಗೆದುಬಿಡುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ ಎಂದೆ. ಅವರು ಸೆರಗಿನ ಒಳಗೆ ಬೆರಳು ಮಡಿಸಿ ಎಣಿಸುತ್ತಿದ್ದದ್ದು ನನಗೆ ಕಾಣಿಸುತ್ತಿತ್ತು. ಎಂಟಕ್ಕೆ, ಒಂಬತ್ತಕ್ಕೆ ಶಬ್ದ ಬರಲು ಶುರುವಾಯಿತು.

ಪರದೆಯಲ್ಲಿ ಮಾಡಬಾರದ ಕೆಲಸ

ಐದನೇ ವಾರ ಕರೆ ನಡೆಯುತ್ತಿರುವಾಗಲೇ ಅಕ್ಕ ಗಂಜಿ ತಿಳಿ ಕುಡಿಸಿದರು. ಅಣ್ಣ ಕೆಮ್ಮಿದರು. ಎರಡನೇ ಗುಟುಕಿಗೂ ಕೆಮ್ಮು. ಆಮೇಲೆ ದನಿ ಗೊಳಗೊಳ ಎನ್ನುತ್ತಿತ್ತು. ಕೇಳಿದರೆ, ಹೀಗೆ ಆಗಾಗ ಆಗುತ್ತದೆ ಎಂದರು. ಎರಡು ದಿನದಿಂದ ಮೈ ಬಿಸಿಯೂ ಇದೆಯಂತೆ.

ಸ್ಟ್ರೋಕ್ ಆದ ಮೇಲೆ ನುಂಗುವುದು ಕೆಡಬಹುದು. ನೀರು, ತಿಳಿ, ಚಹಾದಂಥ ತೆಳ್ಳಗಿನದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕೆಲವರಿಗೆ ಕೆಮ್ಮೇ ಬರದೆ ಇಳಿದುಬಿಡುತ್ತದೆ. ಅದನ್ನು ಫೋನಿನಲ್ಲಿ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಪಾಠ ಅಲ್ಲಿಗೇ ನಿಲ್ಲಿಸಿದೆ. ಬಾಯಿಗೆ ಏನೂ ಕೊಡಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದೆ. ಹೋಟೆಲಿನ ಇಬ್ಬರು ಹುಡುಗರು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದರು. ಎದೆಯಲ್ಲಿ ಸೋಂಕು ಶುರುವಾಗಿತ್ತು. ನಾಲ್ಕು ದಿನ ಅಲ್ಲೇ ಇದ್ದು, ನುಂಗುವ ಪರೀಕ್ಷೆ ಮಾಡಿಸಿಕೊಂಡು ಬಂದರು. ಅಲ್ಲಿಂದ ಆರು ವಾರ ಎಲ್ಲವನ್ನೂ ಗಟ್ಟಿ ಮಾಡಿ, ನೆಟ್ಟಗೆ ಕೂತು, ಗದ್ದ ಸ್ವಲ್ಪ ತಗ್ಗಿಸಿ ಕುಡಿಯಬೇಕಾಯಿತು. ಹೋಟೆಲಿನವರಿಗೆ ಗಟ್ಟಿ ಕಾಫಿ ಎಂದರೆ ಬೇರೆ ಅರ್ಥ. ಅಣ್ಣ ಆ ಲೋಟವನ್ನು ನೋಡುತ್ತಿದ್ದ ರೀತಿ ನನಗೆ ಇನ್ನೂ ನೆನಪಿದೆ.

ಇಂಥ ಪರೀಕ್ಷೆ ಮೊದಲ ಡಿಸ್ಚಾರ್ಜಿಗೆ ಮುಂಚೆಯೇ ಆಗಬೇಕಿತ್ತು. ನಾನೂ ಮೊದಲ ಭೇಟಿಯಲ್ಲಿ ಒಂದು ಲೋಟ ನೀರು ಕುಡಿಸಿ ನೋಡಿ, ಸರಿ ಇದೆ ಅಂತ ಮುಂದೆ ಹೋಗಿದ್ದೆ.

ಇಡ್ಲಿ, ವಡೆ, ಸಾದಾ, ಮಸಾಲೆ

ಮಾತು ಹೋದವರಲ್ಲೂ ಬಾಯಿಪಾಠ ಉಳಿದಿರುತ್ತದೆ. ಒಂದು ಎರಡು ಮೂರು, ವಾರದ ಹೆಸರು, ದೇವರ ಶ್ಲೋಕ, ಬೈಗುಳ. ಇವು ಯೋಚಿಸಿ ಆಡುವ ಮಾತಲ್ಲ, ಉರುಳಿಬರುವ ಮಾತು. ಅಣ್ಣನ ಬಾಯಲ್ಲಿ ವಾರದ ಹೆಸರು ಬುಧವಾರಕ್ಕೆ ನಿಲ್ಲುತ್ತಿತ್ತು. ಒಂದು ದಿನ ನಾನು ಗಿರಾಕಿಯ ಹಾಗೆ ಕೂತು, ಏನಿದೆ ಅಣ್ಣ ತಿನ್ನಲಿಕ್ಕೆ ಎಂದೆ. ಒಂದೇ ಉಸಿರಿಗೆ ಬಂತು: “ಇಡ್ಲಿ, ವಡೆ, ಸಾದಾ, ಮಸಾಲೆ, ಉಪ್ಪಿಟ್ಟು, ಶೀರಾ, ಬಟಾಟೆವಡೆ.” ಹದಿಮೂರನೇ ವಯಸ್ಸಿನಿಂದ ಎಷ್ಟು ಸಾವಿರ ಸಲ ಹೇಳಿದ್ದರೋ! ಅಕ್ಕ ಬಾಯಿಗೆ ಸೆರಗು ಹಿಡಿದು ಅತ್ತರು.

ಇಲ್ಲಿ ಮೈಮರೆಯಬಾರದು. ಸರಪಳಿ ಬಂತೆಂದರೆ ಶಬ್ದ ಬಂತೆಂದಲ್ಲ. ವಡೆಯ ಫೋಟೋ ತೋರಿಸಿದರೆ ಮತ್ತೆ ಇಡ್ಲಿಯಿಂದಲೇ ಶುರುಮಾಡಿ ಬಟಾಟೆವಡೆಗೇ ನಿಲ್ಲುತ್ತಿದ್ದರು. ನಡುವೆ ಬ್ರೇಕ್ ಹಾಕಲು ಆಗುತ್ತಿರಲಿಲ್ಲ. ಹಾಗಾಗಿ ಸರಪಳಿಯನ್ನು ಕತ್ತರಿಸುವುದೇ ನಾಲ್ಕು ವಾರದ ಪಾಠವಾಯಿತು. ಅಕ್ಕ ಇಡ್ಲಿ ಎನ್ನುವುದು, ಅಣ್ಣ ವಡೆ ಎಂದು ನಿಲ್ಲಿಸುವುದು. ನಿಲ್ಲಲಿ ಅಂತ ಎಡಗೈ ಅಂಗೈಯಿಂದ ಟೇಬಲ್ ತಟ್ಟುವುದು. ಆಮೇಲೆ ಅಕ್ಕ ಏನೂ ಹೇಳದೆ ಫೋಟೋ ಮಾತ್ರ ತೋರಿಸುವುದು. ಆಮೇಲೆ ಆರ್ಡರ್: ಎರಡು ಇಡ್ಲಿ, ಒಂದು ವಡೆ. ಆಮೇಲೆ ಅಣ್ಣನೇ ಕೇಳುವುದು: ಎಷ್ಟು ಇಡ್ಲಿ?

ಲೆಕ್ಕ ಬೇರೆಯೇ ಕಥೆ. ಇಪ್ಪತ್ತು ವರ್ಷ ಗಿರಾಕಿಗಳಿಗೆ ಹಿಂದಿಯಲ್ಲಿ ಹಣ ಹೇಳಿದವರು. ಆದರೂ ಸಂಖ್ಯೆ ಮೊದಲು ಮರಳಿದ್ದು ಕನ್ನಡದಲ್ಲಿ. ಹಲವು ಭಾಷೆ ಬಲ್ಲವರಿಗೆ ಅಫೇಸಿಯಾ ಆದರೆ ಯಾವುದು ಮೊದಲು ಮರಳುತ್ತದೆ ಎಂಬ ಚರ್ಚೆ ಹಳೆಯದು. ಮೊದಲು ಕಲಿತ ಭಾಷೆ ಎಂದರು ಕೆಲವರು. 1895ರಲ್ಲಿ ಪಿತ್ರ್ ಎಂಬ ಫ್ರೆಂಚ್ ವೈದ್ಯ, ಹೆಚ್ಚು ಬಳಸಿದ ಭಾಷೆ ಎಂದ. ಬಹಳ ಜನರಲ್ಲಿ ಎಲ್ಲ ಭಾಷೆಯೂ ಹೆಚ್ಚುಕಡಿಮೆ ಒಟ್ಟಿಗೇ ಮರಳುತ್ತದೆ. ಒಂದೇ ನಿಯಮ ಎಲ್ಲರಿಗೂ ಕೂಡುವುದಿಲ್ಲ. ಅಣ್ಣನಿಗೆ ಮೊದಲು ಮನೆಯ ಕನ್ನಡ, ಆಮೇಲೆ ಹಿಂದಿ. ತುಳು ಇನ್ನೂ ಅರ್ಧಂಬರ್ಧ.

ಗೋಡೆಗೆ ಮುಖ

ಒಂಬತ್ತನೇ ವಾರ ಅಣ್ಣ ಕುರ್ಚಿಗೆ ಬರಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮೂರು ದಿನ ಹೀಗೇ. ಹಟ ಎಂದು ಮನೆಯವರಿಗೆ ಅನ್ನಿಸಿತ್ತು. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತಿಲ್ಲದವರು ಅದನ್ನು ಹೇಳಿಕೊಳ್ಳುವುದಾದರೂ ಹೇಗೆ? ನರರೋಗ ತಜ್ಞರಿಗೆ ತಿಳಿಸಲು ಹೇಳಿದೆ. ಅವರು ನೋಡಿ ಮಾತ್ರೆ ಶುರುಮಾಡಿದರು.

ಆ ವಾರ ಪಾಠ ಬೇಡ ಎಂದೆ. ಫೋನನ್ನು ಅಡುಗೆಮನೆಯಲ್ಲಿ ಇಟ್ಟುಬಿಡಿ ಅಕ್ಕ, ಸುಮ್ನೆ ಮಾತಾಡೋಣ. ಅಕ್ಕ ನೀರುದೋಸೆ ಹೊಯ್ಯುತ್ತ ನನ್ನ ಹತ್ತಿರ ಊರಿನ ಸುದ್ದಿ ಹೇಳುತ್ತಿದ್ದರು. ಮೂರನೇ ದಿನ ಅಣ್ಣ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಕಾವಲಿ ನೋಡಿದರು. “ನೀರ್ ಜಾಸ್ತಿ” ಎಂದರು.

ಯಾರೂ ಕೇಳಿರಲಿಲ್ಲ, ಯಾರೂ ಸುಳಿವು ಕೊಟ್ಟಿರಲಿಲ್ಲ. ಎರಡು ಶಬ್ದ ಸೇರಿಸಿ ತಾವಾಗಿ ಆಡಿದ ಮಾತು ನನ್ನ ಟಿಪ್ಪಣಿಯಲ್ಲಿ ಅದೇ ಮೊದಲು. ಮುಂದಿನ ವಾರದಿಂದ ಅರ್ಧ ಪಾಠ ಅಡುಗೆಮನೆಯಲ್ಲೇ ನಡೆಯಿತು.

ಹದಿನಾಲ್ಕು ವಾರಕ್ಕೆ

ಐವತ್ತಾರು ಕರೆ ಆಗಬೇಕಿತ್ತು, ನಲವತ್ತೊಂಬತ್ತು ಆಯಿತು. ನಲವತ್ತು ಫೋಟೋಗಳಲ್ಲಿ ಈಗ ಇಪ್ಪತ್ತೊಂಬತ್ತಕ್ಕೆ ತಾವಾಗಿ ಹೆಸರು ಹೇಳುತ್ತಾರೆ. ಎರಡು ಮೂರು ಶಬ್ದದ ವಾಕ್ಯ ಆಡುತ್ತಾರೆ. ‘ಅಲ್ಲಲ್ಲ’ ಇನ್ನೂ ಇದೆ, ಸಿಟ್ಟು ಬಂದಾಗ ಜಾಸ್ತಿ. ಬರೆಯುವುದು ತೀರಾ ಕಡಿಮೆ. ಕರ್ನಾಟಕ ಮಲ್ಲ ಪತ್ರಿಕೆಯ ದೊಡ್ಡ ಅಕ್ಷರದ ತಲೆಬರಹ ಓದುತ್ತಾರೆ, ಕೆಳಗಿನದು ಆಗುವುದಿಲ್ಲ. ಬಲಗೈ ಲೋಟ ಹಿಡಿಯುವಷ್ಟಾಗಿದೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಗಿರಾಕಿ ಕಡಿಮೆ ಇರುವಾಗ ಗಲ್ಲಾದ ಪಕ್ಕ ಕೂತು ಬರುತ್ತಾರೆ. ಹಣ ಎಣಿಸುವುದು ಪಾಲುದಾರರು, ಮೊತ್ತ ಹೇಳುವುದು ಅಣ್ಣ. ಐವತ್ತಕ್ಕೆ ಮೂವತ್ತು ಎನ್ನುವುದು ಆಗಾಗ ಆಗುತ್ತದೆ. ಆದರೆ ಈಗ ಅವರೇ ಹಿಡಿದು ತಿದ್ದಿಕೊಳ್ಳುತ್ತಾರೆ.

ಇದರಲ್ಲಿ ಎಷ್ಟು ಚಿಕಿತ್ಸೆಯಿಂದ, ಎಷ್ಟು ತಾನಾಗಿ ಆದದ್ದು ಎಂದು ಒಂದೇ ಮನೆಯಿಂದ ಹೇಳಲಾಗದು. ಮೊದಲ ತಿಂಗಳುಗಳಲ್ಲಿ ಮೆದುಳು ತಾನಾಗಿಯೂ ಚೇತರಿಸಿಕೊಳ್ಳುತ್ತದೆ. ಅಕ್ಕನನ್ನು ಹೊಗಳಿದ್ದು ಕೇಳಿ, ಹಾಗಾದರೆ ಮನೆಯವರಿಗೇ ಕಲಿಸಿ ಬಿಟ್ಟರೆ ಸಾಕಲ್ವಾ ಎಂದು ಒಬ್ಬ ಡಾಕ್ಟರು ಕೇಳಿದರು. ಸಾಕಾಗುವುದಿಲ್ಲ. ನಮ್ಮ ದೇಶದ 14 ಆಸ್ಪತ್ರೆಗಳಲ್ಲಿ 1,250 ಸ್ಟ್ರೋಕ್ ರೋಗಿಗಳ ಮೇಲೆ ಅಟೆಂಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಮನೆಯವರಿಗೆ ತರಬೇತಿ ಕೊಟ್ಟು, ಅವರಿಂದಲೇ ಪುನಶ್ಚೇತನ ಮಾಡಿಸಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ಆರು ತಿಂಗಳಿಗೆ ಸಾವಿನಲ್ಲಾಗಲಿ, ಪರಾವಲಂಬನೆಯಲ್ಲಾಗಲಿ ಮಾಮೂಲಿ ಆರೈಕೆಗಿಂತ ವ್ಯತ್ಯಾಸ ಕಾಣಲಿಲ್ಲ. ಅಕ್ಕನ ಹತ್ತು ಎಣಿಕೆ ಕೆಲಸ ಮಾಡಿತು ಎಂದು ನಾನು ನಂಬುತ್ತೇನೆ. ಆದರೆ ವಾರಕ್ಕೆ ನಾಲ್ಕು ಸಲ ಯಾರೋ ಒಬ್ಬರು ನೋಡುತ್ತ, ಈ ಮೆಟ್ಟಿಲು ಆಯಿತು, ಇನ್ನು ಮುಂದಿನದು ಎಂದು ಹೇಳಬೇಕಿತ್ತು. ಅಕ್ಕ ಒಬ್ಬರ ಮೇಲೆ ಎಲ್ಲ ಹೊರೆ ಹಾಕಿದ್ದರೆ ಅವರೇ ಕುಸಿಯುತ್ತಿದ್ದರು. ಒಂಬತ್ತನೇ ವಾರ ಅವರೂ ಕುಸಿಯುವ ಹತ್ತಿರವೇ ಇದ್ದರು.

ಈಗ ವಾರಕ್ಕೆ ಒಂದು ಕರೆ. ಅಣ್ಣನದೇ ಒಂದು ಬೇಡಿಕೆ ಇದೆ: ಊರಿನಲ್ಲಿರುವ ಒಡಹುಟ್ಟಿದ ಅಕ್ಕನ ಜತೆ ಫೋನಿನಲ್ಲಿ ಮಾತಾಡಬೇಕು. ಆ ಅಕ್ಕನಿಗೆ ಎಂಬತ್ತು ದಾಟಿದೆ. ಅವರ ಹತ್ತಿರ ಇರುವುದು ಬಟನ್ ಫೋನು, ಮುಖ ಕಾಣುವುದಿಲ್ಲ. ಮುಖ ಕಾಣದಿದ್ದರೆ ಅಣ್ಣನಿಗೆ ಮಾತು ಅರ್ಧಕ್ಕೇ ಕಟ್ಟುತ್ತದೆ. ಇಷ್ಟು ದಿನ ಅವರು ನನ್ನ ತುಟಿ ನೋಡಿ ಮಾತು ಹಿಡಿಯುತ್ತಿದ್ದರು ಎಂಬುದು ನನಗೆ ಗೊತ್ತಾದದ್ದೇ ಆಗ. ಹಾಗಾಗಿ ಕರೆಯ ಕೊನೆಯ ಐದು ನಿಮಿಷ ನಾನು ಕ್ಯಾಮರಾ ಆಫ್ ಮಾಡುತ್ತೇನೆ. ಮೊದಲ ಸಲ ನಲವತ್ತು ಸೆಕೆಂಡಿಗೆ ಫೋನ್ ಹೆಂಡತಿಯ ಕೈಗೆ ಕೊಟ್ಟುಬಿಟ್ಟರು. ಕಳೆದ ಗುರುವಾರ ಡೊಂಬಿವಲಿಯಲ್ಲಿ ಮಳೆ ಜೋರಾಗಿತ್ತು, ಲೈನ್ ಕೊರಕೊರ ಎನ್ನುತ್ತಿತ್ತು. ಕಪ್ಪು ಪರದೆಯ ಆಚೆಯಿಂದ ಮೂರು ನಿಮಿಷ ಮಾತಾಡಿದರು. ನಡುವೆ ಒಂದು ದೊಡ್ಡ ನಿಲುಗಡೆ. ಅಕ್ಕ ಎಣಿಸುತ್ತಿದ್ದಾರೆ ಎಂದುಕೊಂಡು ನಾನೂ ಎಣಿಸಿದೆ. ಏಳಕ್ಕೆ ಅಣ್ಣ ಕೇಳಿದರು: “ಅಲ್ಲಿ... ಮಳೆ... ಬಂತಾ?”